ಎಕ್ಸೆಲ್ ಹಾಳೆಯ ‘ಆಗುತ್ತದೆ’ ಎಂಬ ಉತ್ತರವನ್ನು ಪರೀಕ್ಷಿಸಿ ನೋಡಬೇಕು

ಸಂಪಾದಕರಿಗೆ,

ಮಾನ್ಯರೇ,

ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳು ಡಿಜಿಟಲ್ ತಂತ್ರಜ್ಞಾನವನ್ನು ಅಳವಡಿಸಿಕೊಳ್ಳಬೇಕೆಂಬ ಮಾತು ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿಯೂ ಕೈಗಾರಿಕಾ ಸಂಘಗಳ ಸಭೆಗಳಲ್ಲಿಯೂ ಈಗ ಪದೇ ಪದೇ ಕೇಳಿಬರುತ್ತಿದೆ. ಅದರ ಜೊತೆಯಲ್ಲೇ, ಕಾರ್ಖಾನೆಯ ಇಡೀ ಉತ್ಪಾದನಾ ಸಾಲನ್ನು ಕಂಪ್ಯೂಟರಿನೊಳಗೆ ನಡೆಸಿ ತೋರಿಸುವ ಸಿಮ್ಯುಲೇಷನ್ ತಂತ್ರಾಂಶಗಳ ಪ್ರಚಾರವೂ ಜೋರಾಗಿ ನಡೆದಿದೆ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಘಟಕಗಳ ಉತ್ಪಾದನಾ ಯೋಜನೆಯ ಕೆಲಸದಲ್ಲಿ ತೊಡಗಿರುವ ನನ್ನನ್ನು ಮಾಲೀಕರೂ ಮ್ಯಾನೇಜರುಗಳೂ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ‘ನಮಗೆ ಎಕ್ಸೆಲ್ ಸಾಕೋ, ಸಿಮ್ಯುಲೇಷನ್ ಬೇಕೋ?’ ಇದು ತಂತ್ರಾಂಶದ ಬೆಲೆಯನ್ನು ನೋಡಿ ತೀರ್ಮಾನಿಸುವ ಪ್ರಶ್ನೆಯಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಉದ್ಯಮಿಗಳ, ಎಂಜಿನಿಯರುಗಳ ಮತ್ತು ವಿಶೇಷವಾಗಿ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರ ಗಮನಕ್ಕೆ ತರಲು ಬಯಸುತ್ತೇನೆ.

ಮೊದಲಿಗೆ ಎಕ್ಸೆಲ್‌ಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ಒಂದು ಜಾಬ್‌ಗೆ (ಗ್ರಾಹಕರು ಒಪ್ಪಿಸಿದ ಒಂದು ಕೆಲಸಕ್ಕೆ) ತಗಲುವ ವೆಚ್ಚ, ಕೊಟೇಷನ್ನಿನ ದರ, ಕಚ್ಚಾ ಸಾಮಗ್ರಿಯ ಅಗತ್ಯ, ಹೊಸ ಮಷೀನಿನ ಸಾಲದ ಕಂತು, ಹೊರಗಡೆ ಮಾಡಿಸುವುದೋ ನಾವೇ ಮಾಡುವುದೋ ಎಂಬ ಲೆಕ್ಕ, ಇವೆಲ್ಲಕ್ಕೂ ಸ್ಪ್ರೆಡ್‌ಶೀಟ್‌ಗಿಂತ ಒಳ್ಳೆಯ ಸಾಧನವಿಲ್ಲ. ಯಾರು ಬೇಕಾದರೂ ತೆರೆದು ಓದಬಹುದು, ಯಾವ ಅಂಕಿ ಎಲ್ಲಿಂದ ಬಂತೆಂದು ಹಿಂಬಾಲಿಸಿ ನೋಡಬಹುದು, ಮಾಲೀಕರು ತಾವೇ ಒಂದು ಸಂಖ್ಯೆಯನ್ನು ಬದಲಿಸಿ ಪರಿಣಾಮವನ್ನು ಕಾಣಬಹುದು. ಇಂಥ ಲೆಕ್ಕಗಳಿಗೆ ಸಿಮ್ಯುಲೇಷನ್ ಮಾಡಿಸಬೇಕೆಂದು ಯಾರಾದರೂ ಸಲಹೆ ಕೊಟ್ಟರೆ ಆ ಸಲಹೆಯನ್ನು ವಿನಯದಿಂದ ನಿರಾಕರಿಸಬಹುದು.

ತೊಡಕು ಶುರುವಾಗುವುದು ಉತ್ಪಾದನಾ ಸಾಮರ್ಥ್ಯದ ಲೆಕ್ಕದಲ್ಲಿ. ‘ತಿಂಗಳಿಗೆ ಇಷ್ಟು ಸಾವಿರ ಪೀಸು ಕೊಡಬಲ್ಲಿರಾ?’ ಎಂದು ಗ್ರಾಹಕ ಕಂಪನಿ ಕೇಳುತ್ತದೆ. ನಾವು ಪ್ರತಿಯೊಂದು ಮಷೀನಿನ ಸೈಕಲ್ ಟೈಮ್, ಅಂದರೆ ಒಂದು ಪೀಸಿಗೆ ಹಿಡಿಯುವ ಸಮಯ, ತೆಗೆದುಕೊಂಡು, ಶಿಫ್ಟಿನ 480 ನಿಮಿಷಗಳಿಂದ ಊಟ ಮತ್ತು ಚಹಾದ ವಿರಾಮ ಕಳೆದು, ಉಳಿದ ನಿಮಿಷಗಳನ್ನು ಸೈಕಲ್ ಟೈಮಿನಿಂದ ಭಾಗಿಸಿ, ಎಲ್ಲ ಮಷೀನುಗಳಲ್ಲಿ ಅತ್ಯಂತ ಕಡಿಮೆ ಬಂದ ಸಂಖ್ಯೆಯೇ ನಮ್ಮ ಸಾಮರ್ಥ್ಯವೆಂದು ಬರೆದುಕೊಡುತ್ತೇವೆ. ಈ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಹೀಗೆ ಬಂದ ಸಂಖ್ಯೆಯು ಲೈನಿನಿಂದ ಹೊರಬರಬಹುದಾದ ಗರಿಷ್ಠ ಮಿತಿ. ನಿಜವಾಗಿ ಹೊರಬರುವ ಮೊತ್ತವು ಅದಕ್ಕೆ ಸಮನಾಗಿರಬಹುದು ಅಥವಾ ಅದಕ್ಕಿಂತ ಕಡಿಮೆ ಇರಬಹುದು, ಆದರೆ ಎಂದಿಗೂ ಅದನ್ನು ಮೀರಲಾರದು. ಆದ್ದರಿಂದ ಹಾಳೆಯು ‘ಆಗದು’ ಎಂದು ಹೇಳಿದರೆ ಅದನ್ನು ಪೂರ್ತಿಯಾಗಿ ನಂಬಬಹುದು, ಅಲ್ಲಿಗೆ ಸಿಮ್ಯುಲೇಷನ್ ಬೇಕಿಲ್ಲ. ಹಾಳೆಯು ‘ಆಗುತ್ತದೆ’ ಎಂದು ಹೇಳಿದಾಗ ಮಾತ್ರ ಆ ಉತ್ತರವು ಇನ್ನೂ ಪರೀಕ್ಷೆಗೆ ಒಳಪಡಬೇಕಾದ ಉತ್ತರವಾಗಿರುತ್ತದೆ. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧ: ‘ಆಗದು’ ಎಂದು ಬಂದರೆ ಸೈಕಲ್ ಟೈಮನ್ನು ಸ್ವಲ್ಪ ತಿದ್ದಿ ಮತ್ತೆ ಲೆಕ್ಕ ಹಾಕುತ್ತೇವೆ, ‘ಆಗುತ್ತದೆ’ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ ಆರ್ಡರ್ ಒಪ್ಪಿಕೊಳ್ಳುತ್ತೇವೆ.

ಗರಿಷ್ಠ ಮಿತಿಗೂ ನಿಜವಾದ ಉತ್ಪಾದನೆಗೂ ಎಷ್ಟು ಅಂತರವಿರಬಹುದೆಂಬುದನ್ನು ಓದುಗರು ಎರಡು ದಾಳಗಳನ್ನು ಹಿಡಿದು ತಾವೇ ನೋಡಬಹುದು. ಒಂದರ ಪಕ್ಕ ಒಂದು ಎರಡು ಮಷೀನುಗಳಿವೆ, ನಡುವೆ ಒಂದು ಪೀಸು ಇಡಲೂ ಜಾಗವಿಲ್ಲ ಎಂದುಕೊಳ್ಳೋಣ. ಪ್ರತಿ ಪೀಸಿಗೆ ಪ್ರತಿ ಮಷೀನು 1ರಿಂದ 6 ನಿಮಿಷ ತೆಗೆದುಕೊಳ್ಳುತ್ತದೆ, ಎಷ್ಟೆಂಬುದನ್ನು ಆ ಮಷೀನಿನ ದಾಳ ಹೇಳುತ್ತದೆ. ಎರಡರ ಸರಾಸರಿಯೂ 3.5 ನಿಮಿಷ. ವಿರಾಮ ಕಳೆದು 440 ನಿಮಿಷ ಸಿಗುವ ಶಿಫ್ಟಿನಲ್ಲಿ 125 ಪೀಸು ಬರಬೇಕೆಂದು ಹಾಳೆ ಹೇಳುತ್ತದೆ. ಆದರೆ ಮೊದಲ ಮಷೀನು ಬೇಗ ಮುಗಿಸಿದರೆ ಪೀಸನ್ನು ಮುಂದಕ್ಕೆ ಕೊಡಲಾಗದೆ ನಿಲ್ಲಬೇಕು, ಎರಡನೆಯದು ಬೇಗ ಮುಗಿಸಿದರೆ ಮುಂದಿನ ಪೀಸಿಗಾಗಿ ಕಾಯಬೇಕು. ಆದ್ದರಿಂದ ಪ್ರತಿ ಸುತ್ತಿಗೂ ಹಿಡಿಯುವ ಸಮಯ ಎರಡು ದಾಳಗಳಲ್ಲಿ ದೊಡ್ಡದಾಗಿ ಬಿದ್ದ ಸಂಖ್ಯೆ. ಎರಡು ದಾಳಗಳ 36 ಜೋಡಿಗಳನ್ನೂ ಬರೆದು ಪ್ರತಿಯೊಂದರ ದೊಡ್ಡ ಸಂಖ್ಯೆಯನ್ನು ಕೂಡಿದರೆ 161 ಬರುತ್ತದೆ. 161ನ್ನು 36ರಿಂದ ಭಾಗಿಸಿದರೆ ಸುಮಾರು 4.47 ನಿಮಿಷ. ಅಂದರೆ ಶಿಫ್ಟಿಗೆ ಬರುವುದು 98 ಪೀಸು ಮಾತ್ರ. ಯಾವ ಮಷೀನೂ ಕೆಟ್ಟಿಲ್ಲ, ಯಾರೂ ರಜೆ ಹಾಕಿಲ್ಲ, ವಿದ್ಯುತ್ ಹೋಗಿಲ್ಲ. ಆದರೂ ಶೇ 22ರಷ್ಟು ಉತ್ಪಾದನೆ ಕಡಿಮೆಯಾಗಿದೆ.

ಈ ಲೆಕ್ಕವನ್ನು ನಾನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಶಿಫ್ಟಿನ ಕೊನೆಯಲ್ಲಿ 125ರ ಬದಲು 98 ಪೀಸು ಬಂದಾಗ ಆ 27 ಪೀಸುಗಳ ಜವಾಬ್ದಾರಿಯನ್ನು ಯಾರ ತಲೆಗೆ ಕಟ್ಟಲಾಗುತ್ತದೆ? ಆಪರೇಟರನ ತಲೆಗೆ. ಸೂಪರ್‌ವೈಸರನನ್ನು ಕರೆದು ವಿವರಣೆ ಕೇಳಲಾಗುತ್ತದೆ, ಅವನು ಆಪರೇಟರನನ್ನು ಗದರುತ್ತಾನೆ, ಓವರ್‌ಟೈಮ್ ಮತ್ತು ಭಾನುವಾರದ ಶಿಫ್ಟುಗಳು ಶುರುವಾಗುತ್ತವೆ, ಇನ್ಸೆಂಟಿವ್ ಕಡಿತವಾಗುತ್ತದೆ. ಪ್ರಾಮಾಣಿಕವಾಗಿ ದುಡಿದ ಇಬ್ಬರು ಕೆಲಸಗಾರರು, ಅವರಿಬ್ಬರ ನಡುವೆ ನಾಲ್ಕು ಪೀಸು ಹಿಡಿಸುವ ಒಂದು ಟ್ರೇ ಇಡಲು ಜಾಗ ಬಿಡದವರ ಲೆಕ್ಕಕ್ಕಾಗಿ ಬೈಸಿಕೊಳ್ಳುವುದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಮಾದರಿಯ ಆಯ್ಕೆಯನ್ನು, ಅಂದರೆ ಲೆಕ್ಕಕ್ಕೆ ಹಾಳೆಯೋ ಸಿಮ್ಯುಲೇಷನ್ನೋ ಎಂಬುದನ್ನು, ಕೇವಲ ತಾಂತ್ರಿಕ ವಿಷಯವೆಂದು ಆಫೀಸಿನ ಕೋಣೆಗೆ ಬಿಟ್ಟುಬಿಡಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ಎರಡನೆಯ ಸಂಗತಿ ಕಾಯುವಿಕೆಯದು. ಒಂದು ಗ್ರೈಂಡಿಂಗ್ ಮಷೀನಿಗೆ ಪೀಸೊಂದಕ್ಕೆ ಸರಾಸರಿ 4 ನಿಮಿಷ ಬೇಕು, 440 ನಿಮಿಷದಲ್ಲಿ 110 ಪೀಸು ಸಾಧ್ಯ, ಆರ್ಡರ್ ಇರುವುದು 100. ಹಾಳೆಯು ಇದನ್ನು ಶೇ 91ರಷ್ಟು ಲೋಡ್ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಆ ಮಷೀನಿನ ಮುಂದೆ ಪ್ರತಿ ಪೀಸು ಎಷ್ಟು ಹೊತ್ತು ಕಾಯುತ್ತದೆಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಇದಕ್ಕೆ ಬ್ರಿಟನ್ನಿನ ಗಣಿತಜ್ಞ ಜಾನ್ ಕಿಂಗ್‌ಮನ್ 1961ರಲ್ಲಿ ಕೊಟ್ಟ ಅಂದಾಜಿನ ಸೂತ್ರವಿದೆ. ಪೀಸುಗಳ ಬರುವಿಕೆಯಲ್ಲಿಯೂ ಕೆಲಸದ ಸಮಯದಲ್ಲಿಯೂ ಏರಿಳಿತ ಸಾಕಷ್ಟು ಹೆಚ್ಚಿದ್ದು, ಎರಡರಲ್ಲಿಯೂ ಪ್ರಮಾಣಿತ ವಿಚಲನೆಯು (ಸರಾಸರಿಯಿಂದ ಎಷ್ಟು ದೂರ ಸರಿಯುತ್ತದೆ ಎಂಬ ಅಳತೆಯು) ಸರಾಸರಿಯಷ್ಟೇ ಇದ್ದರೆ, ಈ ಸೂತ್ರದ ಪ್ರಕಾರ ಶೇ 80 ಲೋಡಿನಲ್ಲಿ ಕಾಯುವ ಸಮಯ ಕೆಲಸದ ಸಮಯದ 4 ಪಟ್ಟು, ಶೇ 90ರಲ್ಲಿ 9 ಪಟ್ಟು, ಶೇ 95ರಲ್ಲಿ 19 ಪಟ್ಟು. ನಮ್ಮ ಶೇ 91ರ ಗ್ರೈಂಡಿಂಗ್ ಮಷೀನಿನ ಮುಂದೆ ಪ್ರತಿ ಪೀಸು ಸುಮಾರು 40 ನಿಮಿಷ ಕಾಯುತ್ತದೆ. ಲೋಡನ್ನು ಮುಟ್ಟದೆ, ಬರುವಿಕೆ ಮತ್ತು ಕೆಲಸದ ಏರಿಳಿತಗಳನ್ನಷ್ಟೇ ಶಿಸ್ತಿಗೆ ತಂದು ಸೂತ್ರದಲ್ಲಿನ ಏರಿಳಿತದ ಅಂಶವನ್ನು ಅರ್ಧಕ್ಕಿಳಿಸಿದರೆ ಆ 40 ನಿಮಿಷ 20ಕ್ಕೆ ಇಳಿಯುತ್ತದೆ. ಹೊಸ ಮಷೀನು ಕೊಳ್ಳುವ ಮೊದಲು ಯಾರಾದರೂ ಈ ಸೂತ್ರವನ್ನು ಹಾಕಿ ನೋಡಿದ್ದರೆ ಎಷ್ಟೋ ಸಾಲಗಳು ತಪ್ಪುತ್ತಿದ್ದವು. ಇದನ್ನು ಎಕ್ಸೆಲ್‌ನ ಒಂದೇ ಕೋಶದಲ್ಲಿ ಬರೆಯಬಹುದು ಎಂಬುದನ್ನೂ ಗಮನಿಸಬೇಕು. ಹಾಗೆಯೇ ಅಮೆರಿಕದ ಜಾನ್ ಲಿಟಲ್ ಅದೇ 1961ರಲ್ಲಿ ಸಾಧಿಸಿ ತೋರಿಸಿದ ನಿಯಮವನ್ನು ಪ್ರತಿ ಮ್ಯಾನೇಜರೂ ತಿಳಿದಿರಬೇಕು: ದಿನಕ್ಕೆ 100 ಪೀಸು ಹೊರಹೋಗುವ ಶಾಪಿನಲ್ಲಿ (ಕಾರ್ಖಾನೆಯ ಕೆಲಸದ ಅಂಗಳದಲ್ಲಿ) ಅರೆಬರೆಯಾದ 600 ಪೀಸು ಬಿದ್ದಿದ್ದರೆ, ಒಂದು ಪೀಸು ಒಳಬಂದು ಹೊರಹೋಗಲು ಸರಾಸರಿ 6 ದಿನ ಬೇಕೇ ಬೇಕು. ಮೂರು ದಿನಗಳಲ್ಲಿ ಕೊಡುತ್ತೇವೆಂದು ಗ್ರಾಹಕರಿಗೆ ಮಾತು ಕೊಡುವ ಮೊದಲು ನೆಲದ ಮೇಲಿನ ಬಿನ್‌ಗಳನ್ನು ಎಣಿಸಿದರೆ ಸಾಕು.

ಬ್ರೇಕ್‌ಡೌನ್ ವಿಷಯದಲ್ಲಿ ಹಾಳೆಯ ದೌರ್ಬಲ್ಯ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮಷೀನು ಶೇ 90ರಷ್ಟು ಸಮಯ ಲಭ್ಯವೆಂದು ಒಂದು ಕೋಶದಲ್ಲಿ ಬರೆದುಬಿಡುತ್ತೇವೆ. 480 ನಿಮಿಷದಲ್ಲಿ 48 ನಿಮಿಷ ನಿಂತಿತೆಂದು ಇದರ ಅರ್ಥ. ಆ 48 ನಿಮಿಷವು ಒಂದೊಂದು ನಿಮಿಷದ 48 ನಿಲುಗಡೆಗಳಾಗಿರಬಹುದು, ಅಥವಾ ಒಂದೇ ಸಲಕ್ಕೆ 48 ನಿಮಿಷ ನಿಂತದ್ದಾಗಿರಬಹುದು. ನಿಮಿಷಕ್ಕೊಂದು ಪೀಸು ಸಾಗುವ ಲೈನಿನಲ್ಲಿ ಮುಂದಿನ ಮಷೀನಿನ ಬಳಿ 10 ಪೀಸುಗಳ ದಾಸ್ತಾನು ಇದ್ದು, ನಿಲುಗಡೆಗಳ ನಡುವೆ ಹಿಂದಿನ ಮಷೀನು ಸ್ವಲ್ಪ ವೇಗವಾಗಿ ಓಡಿ ಅದನ್ನು ಮತ್ತೆ ತುಂಬಬಲ್ಲದಾದರೆ, ಮೊದಲ ಬಗೆಯ ನಿಲುಗಡೆಗಳು ಮುಂದಿನವರಿಗೆ ತಿಳಿಯುವುದೇ ಇಲ್ಲ. ಎರಡನೆಯ ಬಗೆಯಲ್ಲಿ ಮುಂದಿನ ಮಷೀನು 38 ನಿಮಿಷ ಖಾಲಿ ಕೂರುತ್ತದೆ. ಹಾಳೆಗೆ ಮಾತ್ರ ಎರಡೂ ಒಂದೇ. ಒಂದಕ್ಕೆ ಬೇಕಾದದ್ದು ಸಣ್ಣ ಟ್ರೇ, ಇನ್ನೊಂದಕ್ಕೆ ಬೇಕಾದದ್ದು ಬಿಡಿಭಾಗಗಳ ಸಂಗ್ರಹ ಮತ್ತು ಬೇಗ ಬರುವ ಮೆಕ್ಯಾನಿಕ್.

ಹಾಗೆಂದು ಎಕ್ಸೆಲ್‌ನಿಂದ ನೇರವಾಗಿ ಲಕ್ಷಾಂತರ ರೂಪಾಯಿಯ ತಂತ್ರಾಂಶಕ್ಕೆ ಜಿಗಿಯಬೇಕಾಗಿಲ್ಲ. ನಡುವೆ ಒಂದು ದಾರಿಯಿದೆ, ಅದನ್ನು ನಮ್ಮವರು ಬಳಸುವುದು ಬಹಳ ಕಡಿಮೆ. ಪ್ರತಿ ಜಾಬ್‌ಗೆ ಒಂದು ಸಾಲು, ಪ್ರತಿ ಮಷೀನಿಗೆ ಒಂದು ಕಾಲಂ ಮಾಡಿಕೊಳ್ಳಿ. ಒಂದು ಜಾಬ್ ಒಂದು ಮಷೀನಿನಲ್ಲಿ ಶುರುವಾಗುವುದು ಎರಡು ಸಂಗತಿಗಳಲ್ಲಿ ಯಾವುದು ತಡವೋ ಆ ಹೊತ್ತಿಗೆ: ಆ ಜಾಬ್ ಹಿಂದಿನ ಮಷೀನಿನಲ್ಲಿ ಮುಗಿದ ಹೊತ್ತು, ಅಥವಾ ಈ ಮಷೀನು ಹಿಂದಿನ ಜಾಬನ್ನು ಮುಗಿಸಿದ ಹೊತ್ತು. ಅದಕ್ಕೆ ಕೆಲಸದ ಸಮಯವನ್ನು ಕೂಡಿದರೆ ಮುಗಿಯುವ ಹೊತ್ತು ಸಿಗುತ್ತದೆ. ‘ಮ್ಯಾಕ್ಸ್’ ಎಂಬ ಒಂದೇ ಫಂಕ್ಷನ್ ಇದಕ್ಕೆ ಸಾಕು. ಕೆಲಸದ ಸಮಯವನ್ನು ಸರಾಸರಿಯಾಗಿ ಬರೆಯುವ ಬದಲು ಶಿಫ್ಟಿನ ದಾಖಲೆಯಿಂದ ತೆಗೆದ ನಿಜವಾದ ಸಮಯಗಳನ್ನೇ ಬರೆಯಬಹುದು, ಅಥವಾ ‘ರ‍್ಯಾಂಡ್’ ಎಂಬ, ದಾಳದಂತೆ ಸಂಖ್ಯೆ ಕೊಡುವ ಫಂಕ್ಷನ್ನಿನಿಂದ ಏರಿಳಿತವನ್ನು ತರಬಹುದು. ಸಾಲಾಗಿ ನಿಂತ ಐದಾರು ಮಷೀನುಗಳು, ಬಂದ ಕ್ರಮದಲ್ಲೇ ಸಾಗುವ ಜಾಬ್‌ಗಳು, ನಡುವೆ ಬೇಕಾದಷ್ಟು ಜಾಗ, ಇಂಥ ಸರಳ ಶಾಪಿಗೆ ಈ ಹಾಳೆಯೇ ಸಿಮ್ಯುಲೇಷನ್. ಹೀಟ್ ಟ್ರೀಟ್‌ಮೆಂಟ್ ಫರ್ನೇಸಿನಿಂದ (ಪೀಸುಗಳನ್ನು ಕಾಯಿಸಿ ಹದಗೊಳಿಸುವ ಕುಲುಮೆಯಿಂದ) ಎಂಟು ಗಂಟೆಗೊಮ್ಮೆ 200 ಪೀಸು ಒಟ್ಟಿಗೆ ಹೊರಬಂದು ಗ್ರೈಂಡಿಂಗ್ ಮುಂದೆ ರಾಶಿ ಬೀಳುವ ಪರಿಯನ್ನೂ ಇದರಲ್ಲಿ ಚೆನ್ನಾಗಿಯೇ ಕಾಣಬಹುದು. ಸರಾಸರಿ ಲೆಕ್ಕದಲ್ಲಿ ಗಂಟೆಗೆ 25 ಪೀಸೆಂದು ಫರ್ನೇಸೂ ಗ್ರೈಂಡಿಂಗೂ ಸಮಸಮವಾಗಿ ಕಂಡರೂ, ಪ್ರತಿ ಪೀಸು ಗ್ರೈಂಡಿಂಗ್ ಮುಂದೆ ಸರಾಸರಿ ನಾಲ್ಕು ಗಂಟೆ ಕಾಯುತ್ತದೆ ಎಂಬುದು ಆಗ ಹೊರಬೀಳುತ್ತದೆ.

ಈ ನಡುದಾರಿಯೂ ಒಂದು ಕಡೆ ಮುಗಿಯುತ್ತದೆ. ಒಂದೇ ಕೆಲಸಕ್ಕೆ ಮೂರು ಮಷೀನುಗಳಿದ್ದು ಯಾವುದು ಖಾಲಿಯೋ ಅದಕ್ಕೆ ಜಾಬ್ ಹೋಗುವುದಾದರೆ, ಒಬ್ಬ ಆಪರೇಟರ್ ನಾಲ್ಕು ಸಿಎನ್‌ಸಿಗಳನ್ನು (ಕಂಪ್ಯೂಟರ್ ನಿಯಂತ್ರಿತ ಮಷೀನುಗಳನ್ನು) ನೋಡಿಕೊಳ್ಳುತ್ತಿದ್ದು ಎರಡು ಒಟ್ಟಿಗೆ ನಿಂತಾಗ ಒಂದು ಕಾಯಬೇಕಾದರೆ, ಯಾವ ಜಾಬ್ ಆದ ಮೇಲೆ ಯಾವುದು ಬಂತೆಂಬುದರ ಮೇಲೆ ಮಷೀನನ್ನು ಸಜ್ಜುಗೊಳಿಸುವ ಸೆಟ್ಟಿಂಗ್ ಸಮಯ ಹತ್ತು ನಿಮಿಷವೋ ಎರಡು ಗಂಟೆಯೋ ಎಂದು ನಿರ್ಧಾರವಾಗುವುದಾದರೆ, ಇನ್‌ಸ್ಪೆಕ್ಷನ್ನಿನಲ್ಲಿ ತಿರಸ್ಕೃತವಾದ ಪೀಸು ರೀವರ್ಕ್‌ಗೆ ಹಿಂದಿರುಗಿ ಹೊಸ ಪೀಸುಗಳ ಜೊತೆ ಮತ್ತೆ ಸರತಿಯಲ್ಲಿ ನಿಲ್ಲುವುದಾದರೆ, ಅರ್ಜೆಂಟ್ ಆರ್ಡರ್‌ಗಾಗಿ ನಡೆಯುತ್ತಿದ್ದ ಬ್ಯಾಚನ್ನು ನಿಲ್ಲಿಸಬೇಕಾಗುವುದಾದರೆ, ಆಗ ಹಾಳೆಯ ಸೂತ್ರಗಳು ಒಂದರೊಳಗೊಂದು ಹೊಕ್ಕು, ಬರೆದವರಿಗೇ ಮೂರು ತಿಂಗಳ ನಂತರ ಅರ್ಥವಾಗದ ಸ್ಥಿತಿಗೆ ಬರುತ್ತವೆ. ಬೆಳಗಾವಿ, ಶಿವಮೊಗ್ಗಗಳ ಫೌಂಡ್ರಿಗಳಲ್ಲಿ ಕರಗಿದ ಲೋಹ ಸಿದ್ಧವಾದಾಗ ಅಚ್ಚುಗಳು ಸಿದ್ಧವಿರಬೇಕು, ಎರಕ ಹೊಯ್ದ ಅಚ್ಚು ತಣಿಯುವವರೆಗೆ ನೆಲದಲ್ಲಿ ಜಾಗ ಹಿಡಿಯುತ್ತದೆ, ಕ್ರೇನ್ ಒಂದೇ ಇದ್ದರೆ ಎಲ್ಲರೂ ಅದಕ್ಕಾಗಿ ಕಾಯುತ್ತಾರೆ. ಅಲ್ಲಿ ಯಾವ ಒಂದು ಯಂತ್ರದ ಲೋಡನ್ನೂ ಬಿಡಿಯಾಗಿ ಹೇಳುವುದರಲ್ಲಿ ಅರ್ಥವೇ ಇಲ್ಲ. ಇಂಥ ಕಡೆ ಸಿಮ್ಯುಲೇಷನ್ ಅಗತ್ಯ.

ಫೌಂಡ್ರಿಯ ಉದಾಹರಣೆಯನ್ನು ನಾನು ಬೇಕೆಂದೇ ಕೊಟ್ಟಿದ್ದೇನೆ. ಕೈಗಾರಿಕಾ ಸಿಮ್ಯುಲೇಷನ್ನಿನ ಮೊದಲ ಸಾಮಾನ್ಯ ತಂತ್ರಾಂಶಗಳಲ್ಲಿ ಒಂದು ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನ ಯುನೈಟೆಡ್ ಸ್ಟೀಲ್ ಕಂಪನಿಯಲ್ಲಿ. 1950ರ ದಶಕದ ಕೊನೆಯಲ್ಲಿ ಕೆ.ಡಿ. ಟೋಚರ್ ಮತ್ತು ಅವರ ಸಹೋದ್ಯೋಗಿಗಳು ಉಕ್ಕಿನ ಕಾರ್ಖಾನೆಯ ಕೆಲಸವನ್ನು ಅರಿಯಲು ಅದನ್ನು ಕಟ್ಟಿದರು. ಸ್ಪ್ರೆಡ್‌ಶೀಟ್ ಬಂದದ್ದು ಅದಾಗಿ ಸುಮಾರು ಎರಡು ದಶಕಗಳ ನಂತರ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಹಣಕಾಸಿನ ಲೆಕ್ಕದ ಹಾಳೆಯನ್ನು ಕಂಪ್ಯೂಟರ್ ಪರದೆಗೆ ತಂದಿತು. ಹುಟ್ಟಿನ ಈ ಭೇದ ಇಂದಿಗೂ ಎರಡರಲ್ಲಿಯೂ ಉಳಿದಿದೆ. ಲೆಕ್ಕಪತ್ರದಲ್ಲಿ ಮೊತ್ತ ಮುಖ್ಯ, ಯಾವ ಖರ್ಚು ಯಾವ ನಿಮಿಷಕ್ಕೆ ಆಯಿತೆಂಬುದು ಮುಖ್ಯವಲ್ಲ. ಶಾಪಿನಲ್ಲಿ ಅದೇ ಮುಖ್ಯ. ಸಿಮ್ಯುಲೇಷನ್ನಿನೊಳಗೆ ಒಂದು ಗಡಿಯಾರ ಓಡುತ್ತಿರುತ್ತದೆ, ಘಟನೆಯಿಂದ ಘಟನೆಗೆ ಸಾಗುತ್ತ ಯಾರು ಯಾರಿಗಾಗಿ ಕಾದರೆಂಬುದನ್ನು ಬರೆದಿಡುತ್ತದೆ. ಸಾಮರ್ಥ್ಯ ಲೆಕ್ಕಹಾಕುವ ಸಾಧಾರಣ ಹಾಳೆಯಲ್ಲಿ ಆ ಗಡಿಯಾರವಿಲ್ಲ.

ಆದರೆ ಸಿಮ್ಯುಲೇಷನ್ ಎಂದೊಡನೆ ಸತ್ಯವೇ ಕಂಡಿತೆಂದು ತಿಳಿಯುವವರನ್ನೂ ನಾನು ನೋಡಿದ್ದೇನೆ, ಆ ಬಗ್ಗೆ ನನಗೆ ಅಷ್ಟೇ ಆತಂಕವಿದೆ. ಪರದೆಯ ಮೇಲೆ ಮೂರು ಆಯಾಮದಲ್ಲಿ ಪೀಸುಗಳು ಸಾಗುವುದನ್ನು ಕಂಡರೆ ಯಾರಿಗಾದರೂ ನಂಬಿಕೆ ಹುಟ್ಟುತ್ತದೆ. ಆ ಚಲನಚಿತ್ರಕ್ಕೂ ಉತ್ತರದ ನಿಖರತೆಗೂ ಸಂಬಂಧವಿಲ್ಲ. ಏರಿಳಿತವಿರುವ ಮಾದರಿಯನ್ನು ಒಂದು ಸಲ ಓಡಿಸಿ ಬಂದ ಸಂಖ್ಯೆಯು ದಾಳವನ್ನು ಒಂದು ಸಲ ಎಸೆದು ಬಂದ ಸಂಖ್ಯೆಯಷ್ಟೇ ಬೆಲೆಯುಳ್ಳದ್ದು. ಬೇರೆ ಬೇರೆ ಯಾದೃಚ್ಛಿಕ (ದಾಳದಂತೆ ಬೀಳುವ) ಸಂಖ್ಯೆಗಳಿಂದ ಇಪ್ಪತ್ತು ಮೂವತ್ತು ಸಲ ಓಡಿಸಿ, ಉತ್ತರವು ಎಷ್ಟರಿಂದ ಎಷ್ಟರವರೆಗೆ ಹರಡಿಕೊಂಡಿದೆ ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು. ಖಾಲಿ ಶಾಪಿನಿಂದ ಶುರುವಾಗುವ ಮಾದರಿಯಲ್ಲಿ ಮೊದಲ ಕೆಲವು ದಿನಗಳ ಅಂಕಿಗಳು ಸುಳ್ಳು ನೆಮ್ಮದಿ ಕೊಡುತ್ತವೆ, ಏಕೆಂದರೆ ಆಗ ಇನ್ನೂ ಸರತಿಗಳು ಬೆಳೆದಿರುವುದಿಲ್ಲ. ಆ ಅವಧಿಯನ್ನು ಲೆಕ್ಕದಿಂದ ಕೈಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಂದಿನ ಲೈನಿನ ಮಾದರಿಯು ಕಳೆದ ತಿಂಗಳ ನಿಜವಾದ ಉತ್ಪಾದನೆಯನ್ನೂ ನಿಜವಾದ ದಾಸ್ತಾನನ್ನೂ ಸರಿಸುಮಾರಾಗಿ ಹೇಳಬೇಕು. ಕಳೆದ ತಿಂಗಳನ್ನು ಹೇಳಲಾರದ ಮಾದರಿಗೆ ಮುಂದಿನ ವರ್ಷದ ಹೊಸ ಮಷೀನಿನ ಬಗ್ಗೆ ಪ್ರಶ್ನೆ ಕೇಳುವುದು ವ್ಯರ್ಥ. ಮಾರಾಟಗಾರರು ಡೆಮೊ ತೋರಿಸಲು ಬಂದಾಗ ಉದ್ಯಮಿಗಳು ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ.

ಹಾಳೆಯ ಪಕ್ಷದಲ್ಲಿರುವವರು ಒಂದು ಮಾತು ಹೇಳುತ್ತಾರೆ: ಸಿಮ್ಯುಲೇಷನ್ನಿನೊಳಗಿನ ತಪ್ಪು ಕಾಣುವುದಿಲ್ಲ, ಹಾಳೆಯ ತಪ್ಪು ಕಣ್ಣಿಗೆ ಬೀಳುತ್ತದೆ. ಈ ಮಾತು ಸಣ್ಣ ಹಾಳೆಗಳಿಗೆ ನಿಜ, ದೊಡ್ಡವಕ್ಕೆ ನಿಜವಲ್ಲ. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16 ಸಾವಿರ ಕೋವಿಡ್ ಪ್ರಕರಣಗಳು ದೈನಂದಿನ ವರದಿಯಿಂದ ಬಿಟ್ಟುಹೋಗಿದ್ದುದು ಬೆಳಕಿಗೆ ಬಂತು. 65,536 ಸಾಲುಗಳಿಗಷ್ಟೇ ಜಾಗವಿರುವ ಎಕ್ಸೆಲ್‌ನ ಹಳೆಯ ಕಡತ ರೂಪವನ್ನು ಬಳಸಿದ್ದು ಅದಕ್ಕೆ ಕಾರಣ. ಒಂದು ದೇಶದ ಆರೋಗ್ಯ ಸಂಸ್ಥೆಯಲ್ಲಿಯೇ ಹೀಗಾಗುವುದಾದರೆ, ಒಬ್ಬರೇ ಬರೆದು, ಒಬ್ಬರೇ ತಿದ್ದಿ, ಅವರು ಕೆಲಸ ಬಿಟ್ಟ ಮೇಲೆ ಇನ್ನೊಬ್ಬರು ಮುಂದುವರಿಸಿದ ನಮ್ಮ ಶಾಪುಗಳ ಹಾಳೆಗಳನ್ನು ಇನ್ನೊಬ್ಬರ ಕಣ್ಣಿನಿಂದ ಪರಿಶೀಲಿಸದೆ ನಂಬುವುದು ಹೇಗೆ?

ಆಯ್ಕೆಯನ್ನು ಪ್ರಶ್ನೆಯೇ ನಿರ್ಧರಿಸುತ್ತದೆ ಎಂಬುದಕ್ಕೆ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಅನುಭವ ಒಳ್ಳೆಯ ಸಾಕ್ಷ್ಯ. 1993ರ ಸುಮಾರಿಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ನಗರದಲ್ಲಿ ಆ ಕಂಪನಿ ಇಂಕ್‌ಜೆಟ್ ಪ್ರಿಂಟರುಗಳಿಗಾಗಿ ಸ್ವಯಂಚಾಲಿತ ಉತ್ಪಾದನಾ ಸಾಲನ್ನು ಕಟ್ಟಲು ಹೊರಟಿತ್ತು. ಯೋಜಿಸಿದ ರೀತಿಯಲ್ಲಿ ಅದು ಗುರಿಯನ್ನು ಮುಟ್ಟಲಾರದೆಂಬ ಅನುಮಾನ ಕಂಪನಿಯ ಯೋಜನಾ ತಂಡಕ್ಕೇ ಬಂತು. ಎಲ್ಲವನ್ನೂ ಒಳಗೊಂಡ ಸಿಮ್ಯುಲೇಷನ್ ಕಟ್ಟಿ ಓಡಿಸಲು ಸಮಯ ಸಾಲದೆಂದು, ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ, ಲೈನನ್ನು ಎರಡೆರಡು ಮಷೀನುಗಳ ತುಂಡುಗಳಾಗಿ ಒಡೆದು ಲೆಕ್ಕಹಾಕುವ ಗಣಿತದ ವಿಧಾನವನ್ನು ಬಳಸಿದರು. ಮಷೀನುಗಳ ನಡುವೆ ಪೀಸುಗಳು ತಂಗಲು ಸ್ವಲ್ಪ ಸ್ವಲ್ಪ ಜಾಗ ಬಿಡಬೇಕೆಂಬುದು ಅದರಿಂದ ಹೊರಬಂದ ಮುಖ್ಯ ಸಲಹೆ. ಉತ್ಪಾದಕತೆ ಸುಮಾರು ಶೇ 50ರಷ್ಟು ಹೆಚ್ಚಿತೆಂದೂ, ಪ್ರಿಂಟರ್ ಮಾರಾಟದಿಂದಲೇ ಸುಮಾರು 28 ಕೋಟಿ ಡಾಲರ್ ಹೆಚ್ಚುವರಿ ಆದಾಯ ಬಂತೆಂದೂ ಆ ತಂಡವು ಆಮೇಲೆ ಪ್ರಕಟಿಸಿತು. ಸಿಮ್ಯುಲೇಷನ್ ಇಲ್ಲದೆಯೇ ಅವರಿಗೆ ಉತ್ತರ ಸಿಕ್ಕಿತೆಂಬುದಕ್ಕಿಂತ, ಸರಾಸರಿಗಳ ಹಾಳೆಯಿಂದ ಅದು ಸಿಗುತ್ತಿರಲಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಅಂಶ. ಏರಿಳಿತವನ್ನೂ ಅದನ್ನು ನುಂಗಿಕೊಳ್ಳುವ ಜಾಗವನ್ನೂ ಲೆಕ್ಕಕ್ಕೆ ತಂದ ವಿಧಾನ ಅದಾಗಿತ್ತು.

ಇನ್ನು, ಯಾವ ವಿಧಾನವನ್ನು ಆರಿಸಿದರೂ ಅದಕ್ಕೆ ಮೊದಲು ಆಗಬೇಕಾದ ಕೆಲಸವೊಂದಿದೆ, ಅದಕ್ಕೆ ಹಣ ಹೆಚ್ಚು ಬೇಕಿಲ್ಲ, ಶ್ರದ್ಧೆ ಬೇಕು. ನಮ್ಮ ಬಹುತೇಕ ಶಾಪುಗಳ ಲಾಗ್ ಪುಸ್ತಕದಲ್ಲಿ ‘ಮಷೀನು ನಿಂತ ಒಟ್ಟು ಸಮಯ’ ಎಂದು ಶಿಫ್ಟಿಗೊಂದು ಸಂಖ್ಯೆ ಬರೆಯುತ್ತಾರೆ. ಅದರಿಂದ ಮಾಡಬಹುದಾದದ್ದು ಸರಾಸರಿ ಮಾತ್ರ. ಅದರ ಬದಲು ಪ್ರತಿ ನಿಲುಗಡೆ ಶುರುವಾದ ಹೊತ್ತು, ಮುಗಿದ ಹೊತ್ತು, ಕಾರಣ, ಇಷ್ಟನ್ನು ಬರೆದರೆ ಸಾಕು. ಒಂದು ತಿಂಗಳಲ್ಲಿ ಯಾವ ಮಾದರಿಗಾದರೂ ಬೇಕಾಗುವ ಮೂಲದ್ರವ್ಯ ಸಿದ್ಧವಾಗುತ್ತದೆ. ಸೆಟ್ಟಿಂಗ್ ಸಮಯಕ್ಕೂ ಇದೇ ಮಾತು: ಯಾವ ಜಾಬ್‌ನಿಂದ ಯಾವ ಜಾಬ್‌ಗೆ ಎಂಬುದನ್ನು ಸೇರಿಸಿ ಬರೆಯಬೇಕು. ಇದನ್ನು ಬರೆಯುವ ಆಪರೇಟರನಿಗೆ, ಈ ಅಂಕಿಗಳು ಅವನ ಮೇಲೆ ದೂರು ಹೊರಿಸಲು ಬಳಕೆಯಾಗುವುದಿಲ್ಲವೆಂಬ ಭರವಸೆಯನ್ನು ಮಾಲೀಕರು ಕೊಡಬೇಕು ಮತ್ತು ಉಳಿಸಿಕೊಳ್ಳಬೇಕು. ಭಯದಿಂದ ಬರೆದ ಲಾಗ್ ಪುಸ್ತಕದಲ್ಲಿ ಎಲ್ಲ ನಿಲುಗಡೆಗಳೂ ಹತ್ತು ನಿಮಿಷದವೇ ಆಗಿರುತ್ತವೆ. ನನಗೆ ಪರಿಚಯವಿರುವ ಒಂದು ಘಟಕದಲ್ಲಿ ದುಬಾರಿ ತಂತ್ರಾಂಶವನ್ನು ಕೊಂಡು, ಒಳಗೆ ತುಂಬಲು ಇಂಥ ಅಂಕಿಗಳಿಲ್ಲದೆ ಮತ್ತೆ ಅದೇ ಸರಾಸರಿಗಳನ್ನು ತುಂಬಿದರು. ಹಾಳೆ ಹೇಳಿದ ಉತ್ತರವನ್ನೇ ಅದು ಬಣ್ಣಬಣ್ಣದಲ್ಲಿ ಮತ್ತೊಮ್ಮೆ ಹೇಳಿತು, ಪರವಾನಗಿಯ ಅವಧಿ ಮುಗಿದ ಮೇಲೆ ನವೀಕರಿಸಲಿಲ್ಲ.

ಪ್ರತಿ ಸಣ್ಣ ಘಟಕವೂ ತಾನೇ ಸಿಮ್ಯುಲೇಷನ್ ಪರಿಣತರನ್ನು ಇಟ್ಟುಕೊಳ್ಳುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಒಂದು ಘಟಕಕ್ಕೆ ಅದು ಬೇಕಾಗುವುದು ಅಪರೂಪಕ್ಕೆ: ಹೊಸ ಲೈನು ಹಾಕುವಾಗ, ದೊಡ್ಡ ಆರ್ಡರ್ ಒಪ್ಪುವ ಮೊದಲು, ಶಾಪನ್ನು ಬೇರೆ ಶೆಡ್ಡಿಗೆ ಸ್ಥಳಾಂತರಿಸುವಾಗ. ಆದ್ದರಿಂದ ಇದನ್ನು ಹಂಚಿಕೊಂಡು ಬಳಸುವ ವ್ಯವಸ್ಥೆ ಆಗಬೇಕು. ಬೆಂಗಳೂರಿನಲ್ಲಿ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೇಂದ್ರ ಸರ್ಕಾರದ ‘ಸಮರ್ಥ್ ಉದ್ಯೋಗ್’ ಯೋಜನೆಯಡಿ ಆಧುನಿಕ ಉತ್ಪಾದನಾ ಕೇಂದ್ರಗಳನ್ನು ನಡೆಸಿವೆ. ಅಂಥ ಕೇಂದ್ರಗಳ ನೆರವು ಸೆನ್ಸರ್‌ಗಳ ಅಳವಡಿಕೆಗೆ ಮಾತ್ರ ಸೀಮಿತವಾಗದೆ, ಸಣ್ಣ ಘಟಕದ ಮಾಲೀಕರೊಬ್ಬರು ತಮ್ಮ ಲಾಗ್ ಪುಸ್ತಕ ಹಿಡಿದು ಹೋಗಿ ‘ಈ ಆರ್ಡರ್ ನಮ್ಮಿಂದ ಆಗುತ್ತದೆಯೇ, ಎರಡನೆಯ ಗ್ರೈಂಡಿಂಗ್ ಮಷೀನು ಬೇಕೇ, ಟ್ರೇ ಇಟ್ಟರೆ ಸಾಕೇ’ ಎಂದು ಕೇಳಿ, ಕೈಗೆಟುಕುವ ಶುಲ್ಕಕ್ಕೆ ಉತ್ತರ ಪಡೆಯುವಂತಿರಬೇಕು. ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗಗಳ ಉದ್ಯಮಿಗಳು ಇದಕ್ಕಾಗಿ ಬೆಂಗಳೂರಿಗೆ ಬರಬೇಕಾಗಬಾರದು. ಅಲ್ಲಿನ ಎಂಜಿನಿಯರಿಂಗ್ ಕಾಲೇಜುಗಳೇ ಈ ಕೆಲಸ ಮಾಡಬಲ್ಲವು.

ಕಾಲೇಜುಗಳ ವಿಷಯದಲ್ಲಿ ನನ್ನ ಕೋರಿಕೆ ಇನ್ನೂ ನಿರ್ದಿಷ್ಟವಾಗಿದೆ. ಮೆಕ್ಯಾನಿಕಲ್ ಮತ್ತು ಇಂಡಸ್ಟ್ರಿಯಲ್ ವಿಭಾಗಗಳ ವಿದ್ಯಾರ್ಥಿಗಳು ಸರತಿ ಸಿದ್ಧಾಂತವನ್ನು (ಕಾಯುವಿಕೆಯ ಗಣಿತವನ್ನು) ಪರೀಕ್ಷೆಗಾಗಿ ಓದುತ್ತಾರೆ, ಸೂತ್ರಗಳನ್ನು ಬಾಯಿಪಾಠ ಮಾಡುತ್ತಾರೆ, ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಸರಾಸರಿಯ ಹಾಳೆಗೆ ಹಿಂದಿರುಗುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಕೆಲವನ್ನಾದರೂ ಹತ್ತಿರದ ಒಂದು ನಿಜವಾದ ಶಾಪಿನ ಮಾದರಿ ಕಟ್ಟಲು ಮೀಸಲಿಡಬಹುದು. ಪೈಥಾನ್ ಭಾಷೆಯಲ್ಲಿ ಬಳಸುವ ಸಿಮ್‌ಪೈ, ಚಿತ್ರಗಳನ್ನು ಜೋಡಿಸಿ ಮಾದರಿ ಕಟ್ಟಬಹುದಾದ ಜಾಮ್‌ಸಿಮ್, ಎರಡೂ ಉಚಿತವಾಗಿ ಸಿಗುತ್ತವೆ. ಹಣವಿಲ್ಲವೆಂಬ ನೆಪ ಇಲ್ಲಿ ನಿಲ್ಲುವುದಿಲ್ಲ. ಅಂಥ ಪ್ರಾಜೆಕ್ಟಿಗೆ ಅಂಕ ಕೊಡುವಾಗ, ಪರದೆಯ ಮೇಲಿನ ಚಿತ್ರ ಎಷ್ಟು ಚೆನ್ನಾಗಿದೆ ಎಂಬುದನ್ನು ನೋಡದೆ, ವಿದ್ಯಾರ್ಥಿಯು ನಿಲುಗಡೆಗಳನ್ನು ತಾನೇ ನಿಂತು ಅಳೆದನೇ, ಅವನ ಮಾದರಿಯು ಕಳೆದ ತಿಂಗಳ ಉತ್ಪಾದನೆಯನ್ನು ಹೇಳಿತೇ, ಎಕ್ಸೆಲ್‌ನಿಂದಲೇ ಸಿಗುವ ಉತ್ತರಕ್ಕೆ ಅವನು ಅನಗತ್ಯವಾಗಿ ಸಿಮ್ಯುಲೇಷನ್ ಬಳಸಿದನೇ ಎಂಬುದನ್ನು ನೋಡಬೇಕು. ಬ್ಯಾಂಕುಗಳೂ ಕೂಡ ಹೊಸ ಯಂತ್ರಕ್ಕೆ ಸಾಲ ಮಂಜೂರು ಮಾಡುವಾಗ, ಯೋಜನಾ ವರದಿಯ ಸಾಮರ್ಥ್ಯದ ಕೋಷ್ಟಕದಲ್ಲಿ ಶೇ 85ಕ್ಕಿಂತ ಹೆಚ್ಚಿನ ಲೋಡ್ ಕಂಡುಬಂದರೆ, ಕಾಯುವ ಸಮಯದ ಲೆಕ್ಕವನ್ನೂ ಒಂದು ಪುಟದಲ್ಲಿ ಕೊಡುವಂತೆ ಕೇಳುವುದು ಸಾಲಗಾರರ ಹಿತಕ್ಕೂ ಬ್ಯಾಂಕಿನ ಹಿತಕ್ಕೂ ಒಳ್ಳೆಯದು.

ತಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಈ ವಿಷಯದ ಬಗ್ಗೆ ಉದ್ಯಮಿಗಳ ಜೊತೆಗೆ ಶಾಪಿನ ಆಪರೇಟರುಗಳ, ಸೂಪರ್‌ವೈಸರುಗಳ ಅನುಭವಗಳನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಉತ್ಪಾದನಾ ಯೋಜನಾ ಎಂಜಿನಿಯರ್
ಪೀಣ್ಯ, ಬೆಂಗಳೂರು